ಕೈಗುಣ ಎಣಿಸಿದ ಹತ್ತು ದಿನ

ಟೊಮೆಟೊ ಹೂವಿನ ಗಂಡು ಭಾಗವನ್ನು ಚಿಮಟದಿಂದ ಕಿತ್ತು ತೆಗೆಯುವ ಕೆಲಸ ಮಧ್ಯಾಹ್ನ ಮೂರರ ಮೇಲೆ ಶುರುವಾಗುತ್ತದೆ. ಮರುದಿನ ಅರಳಬೇಕಾದ ಮೊಗ್ಗನ್ನೇ ಆರಿಸಿಕೊಳ್ಳಬೇಕು. ತೀರ ಎಳೆಯದಾದರೆ ಹೂವು ಉದುರುತ್ತದೆ. ಬಲಿತದ್ದಾದರೆ ತನ್ನ ಪರಾಗವನ್ನು ತಾನೇ ಹಚ್ಚಿಕೊಂಡಿರುತ್ತದೆ, ಬೀಜ ಕೆಡುತ್ತದೆ. ಮರುದಿನ ಬೆಳಿಗ್ಗೆ ಎಂಟರಿಂದ ಹನ್ನೊಂದರೊಳಗೆ ಬೇರೆ ತಳಿಯ ಪರಾಗವನ್ನು ಆ ಹೂವಿನ ತುದಿಗೆ ಮುಟ್ಟಿಸಬೇಕು. ಇದಕ್ಕೆ ನಮ್ಮ ಕಡೆ ಎಲ್ಲರೂ ಕ್ರಾಸಿಂಗ್ ಎಂದೇ ಅನ್ನುತ್ತಾರೆ. ರಾಣೆಬೆನ್ನೂರಿನ ಬೀಜದ ಕಂಪನಿಗಳಿಗೆ ಸುತ್ತಲಿನ ರೈತರು ಇಂಥ ಪ್ಲಾಟು ಮಾಡಿಕೊಡುತ್ತಾರೆ. ಕ್ರಾಸಿಂಗ್ ಮಾಡುವವರು ಹೆಣ್ಣುಮಕ್ಕಳು. ಸಾಲುಸಾಲಾಗಿ ಬಗ್ಗಿ ನಿಂತು, ಒಂದೊಂದೇ ಹೂವು, ದಿನಕ್ಕೆ ನೂರಾರು.

ಎರಡು ಸಾವಿರದ ಐದರ ಸುಮಾರಿನ ಚಳಿಗಾಲ. ನಾನು ಅಂಥ ಒಂದು ಕಂಪನಿಯಲ್ಲಿ ಫೀಲ್ಡ್ ಅಸಿಸ್ಟೆಂಟ್. ಹೊಸರಿತ್ತಿ ಕಡೆಯ ನಮ್ಮ ಮನೆತನದಲ್ಲಿ ಕಾಲೇಜು ಮುಗಿಸಿದವಳು ನಾನೇ ಮೊದಲು. ದಿನಾ ಬಸ್ಸಿನಲ್ಲಿ ಹಾವೇರಿಗೆ ಹೋಗಿ ಬಂದು ಬಿ.ಎಸ್ಸಿ. ಮಾಡಿದ್ದೆ. ಅದನ್ನು ಮುಚ್ಚಿಟ್ಟುಕೊಳ್ಳುವ ಗುಣ ನನ್ನದಲ್ಲ. ಮೋಟೆಬೆನ್ನೂರಿನ ಹತ್ತಿರದ ಒಂದು ಪ್ಲಾಟು ನನ್ನ ಪಾಲಿಗೆ ಬಂದಿತ್ತು. ಒಂಬತ್ತು ಮಂದಿ ಹೆಣ್ಣುಮಕ್ಕಳ ತಂಡ, ಅವರಲ್ಲೇ ಒಬ್ಬಳು ಮುಖಂಡತಿ. ಹೊಲದ ಯಜಮಾನರು ಒಳ್ಳೆಯ ಮನುಷ್ಯರು, ಆದರೆ ಅವರ ಮನೆಯಲ್ಲಿ ಮಾತು ನಡೆಯುತ್ತಿದ್ದದ್ದು ಅವರ ತಾಯಿಯದು.

ಕ್ರಾಸಿಂಗ್ ಶುರುವಾಗಿ ಎರಡು ವಾರವಾಗಿರಬೇಕು, ಮುಖಂಡತಿ ನನ್ನನ್ನು ಬದುವಿನ ಕಡೆ ಕರೆದಳು.

“ಮೇಡಂರ, ಕೊನೀ ಸಾಲಿನಾಕಿನ್ನ ಬಿಡಿಸಿಬಿಡ್ರಿ.”

“ಯಾಕ? ಆಕಿ ಚಿಮಟ ಹಿಡಿಯೂದು ನಿಮ್ಮೆಲ್ಲಾರಕಿಂತ ಚೊಲೋ ಐತಿ.”

“ಚಿಮಟದ ಮಾತಲ್ರಿ. ಕೈಗುಣದ ಮಾತು. ಆಕಿ ಮುಟ್ಟಿದ ಹೂವು ನಿಲ್ಲೂದಿಲ್ಲ. ಬೇಕಾದ್ರ ನಿಮ್ಮ ಬುಕ್ಕಿನಾಗ ನೀವ ನೋಡ್ರಿ.”

ನನ್ನ ಬುಕ್ಕಿನಲ್ಲಿ ಇದ್ದದ್ದು ಖರೇ. ಆ ವಾರ ದಿನಕ್ಕೊಂದು ಸಲ ನಾನೇ ಬರೆದಿದ್ದೆ: ಕೊನೆಯ ಸಾಲು, ಉದುರು ಜಾಸ್ತಿ.

ಕೊನೆಯ ಸಾಲಿನಾಕೆ ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಗಂಡ ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುತ್ತಿದ್ದ, ಚೀಲ ಹೊತ್ತು ಹೊತ್ತು ಬೆನ್ನು ಕೆಟ್ಟು ಮನೆ ಹಿಡಿದಿದ್ದ. ಮನೆ ನಿಂತದ್ದು ಈಕೆಯ ಚಿಮಟದ ಮೇಲೆ. ಈ ತಂಡದಿಂದ ಬಿಡಿಸಿದರೆ ಅಲ್ಲಿಗೆ ಮುಗಿಯುತ್ತಿರಲಿಲ್ಲ. ಯಾಕೆ ಬಿಡಿಸಿದರು ಎನ್ನುವ ಮಾತು ಅವಳಿಗಿಂತ ಮುಂಚೆ ಪಕ್ಕದ ಹೊಲ ತಲುಪುತ್ತಿತ್ತು. ಕ್ರಾಸಿಂಗ್ ಮಾಡಿಸುವ ಯಾವ ರೈತನೂ ಆಮೇಲೆ ಅವಳನ್ನು ಒಳಗೆ ಬಿಡುತ್ತಿರಲಿಲ್ಲ.

ಈ ಮಾತು ಹುಟ್ಟಿದ್ದು ಹೀಗೆ. ಹೋದ ವರ್ಷ ಒಂದು ಸೌತೆ ಪ್ಲಾಟಿನಲ್ಲಿ ಕಾಯಿ ಉದುರಿದವಂತೆ. ಅಲ್ಲಿ ಹನ್ನೆರಡು ಮಂದಿ ಕೆಲಸ ಮಾಡಿದ್ದರು, ಹೆಸರು ಬಂದದ್ದು ಇವಳೊಬ್ಬಳದು. ಹೆಸರು ಬಂದ ಮೇಲೆ ಒಬ್ಬೊಬ್ಬರಿಗೂ ಒಂದೊಂದು ನೆನಪಾಯಿತು. ಇವಳು ಹೆಪ್ಪು ಕೊಟ್ಟ ಹಾಲು ಮೊಸರಾಗಲಿಲ್ಲ, ಇವಳು ಕೈ ಹಾಕಿದ ಉಪ್ಪಿನಕಾಯಿಗೆ ಬೂಸರು ಬಂತು, ಇವಳು ಊರಿದ ಹೀರೆಬಳ್ಳಿ ಒಣಗಿತು. ಯಾರ ಮನೆಯಲ್ಲಿ ಉಪ್ಪಿನಕಾಯಿಗೆ ಬೂಸರು ಬಂದಿಲ್ಲ ಹೇಳಿ. ಬೇರೆಯವರದು ಮರೆತುಹೋಗಿತ್ತು, ಇವಳದು ಮಾತ್ರ ಒಟ್ಟಾಗಿತ್ತು.

ಯಜಮಾನರು ಕಂಪನಿಗೆ ಫೋನು ಮಾಡಿದರು. ಮ್ಯಾನೇಜರು ನನ್ನನ್ನು ರಾಣೆಬೆನ್ನೂರಿನ ಆಫೀಸಿಗೆ ಕರೆಸಿದರು.

“ನೀ ಸಾಲಿ ಕಲ್ತಾಕಿ, ನಿನಗ ಇದು ಸುಳ್ಳು ಅನಸ್ತದ. ನನಗೂ ಅನಸ್ತದ. ಆದ್ರ ರೈತನ ಮನಸು ಕೆಟ್ರ ಬೆಳಿ ಕೆಟ್ಟಂಗ. ಒಬ್ಬಾಕಿನ್ನ ಬಿಡಿಸಿದ್ರ ಮುಗೀತಲ್ಲ?”

“ಸರ್, ಸಂಕ್ರಮಣದ ತನಕ ಟೈಮ್ ಕೊಡ್ರಿ. ಅಷ್ಟರಾಗ ತೋರಸ್ತೀನಿ. ಆಗಲಿಲ್ಲಂದ್ರ ನಾನ ಆಕಿಗೆ ಹೇಳ್ತೀನಿ.”

“ಏನು ತೋರಸ್ತಿ?”

ಏನು ತೋರಿಸಬೇಕು ಎಂದು ನನಗೂ ಗೊತ್ತಿರಲಿಲ್ಲ. ಹಾಗೆ ಗೊತ್ತಿಲ್ಲ ಎನ್ನುವುದು ಬಸ್ಸಿನಲ್ಲಿ ಕೂತಾಗ ಅರಿವಾಯಿತು.

ಮೊದಲು ಸಾಲಿನ ಮೇಲೆ ನನಗೆ ಅನುಮಾನ. ಕೊನೆಯ ಸಾಲು ಬದುವಿಗೆ ಹತ್ತಿಕೊಂಡಿತ್ತು, ಬಿಸಿಲು ಗಾಳಿ ಎರಡೂ ಹೆಚ್ಚು. ಅವಳನ್ನು ಯಾವಾಗಲೂ ಅಲ್ಲೇ ನಿಲ್ಲಿಸುತ್ತಿದ್ದರು, ದೋಷ ಬದುವಿನಾಚೆ ಹೋಗಲಿ ಎಂದು. ನಾನು ಎರಡು ದಿನ ಅವಳನ್ನು ನಡುವಿನ ಸಾಲಿಗೆ ತಂದೆ, ಮುಖಂಡತಿಯನ್ನು ಕೊನೆಯ ಸಾಲಿಗೆ ಕಳಿಸಿದೆ. ಮುಖಂಡತಿ ಹೋಗುವಾಗ ಎಲ್ಲರಿಗೂ ಕೇಳುವ ಹಾಗೆ, “ನಡೀರಿ, ನನಗ ವನವಾಸ ಬಂತು” ಅಂದಳು.

ನಿಲ್ಲದ ಹೂವಿನ ತೊಟ್ಟು ನಾಲ್ಕೈದು ದಿನಕ್ಕೇ ಹಳದಿಯಾಗಿ ಉದುರುತ್ತದೆ. ಐದನೆಯ ದಿನ ಎಲ್ಲರೂ ನೋಡುತ್ತಿದ್ದ ಹಾಗೆಯೇ ನಾನು ಎಣಿಸಿದೆ. ಮುಖಂಡತಿಯ ಹೂವು ಬದುವಿನ ಪಕ್ಕದಲ್ಲೂ ಮುಕ್ಕಾಲು ಪಾಲು ನಿಂತಿದ್ದವು. ಇವಳವು ನಡುವಿನ ಸಾಲಿನಲ್ಲೂ ಅರ್ಧಕ್ಕಿಂತ ಹೆಚ್ಚು ಉದುರಿದ್ದವು.

ಉಳಿದವರು ತಮ್ಮ ತಮ್ಮ ಸಾಲಿಗೆ ಮರಳಿದರು. ಯಜಮಾನರ ತಾಯಿ ಮಾತ್ರ ನನ್ನ ಹತ್ತಿರ ಬಂದು, ಕರುಣೆಯಿಂದಲೇ, “ತಂಗೀ, ನಿನ್ನ ಪುಸ್ತಕದಾಗ ಇರಲಾರದ್ದು ಲೋಕದಾಗ ಭಾಳ ಅದಾವ” ಅಂದರು.

ಕೊನೆಯ ಸಾಲಿನಾಕೆ ಚಿಮಟವನ್ನು ಸೆರಗಿನಲ್ಲಿ ಒರೆಸುತ್ತ ನಿಂತಿದ್ದಳು. “ಅಕ್ಕಾರ, ನಾ ಆಗಲೇ ಹೇಳಿದ್ದೆ. ನನ್ನ ಕೈಯ ಹಂಗ ಐತಿ. ನೀವು ಯಾಕ ನನ್ನ ಸಲುವಾಗಿ ಸಣ್ಣಾಗ್ತೀರಿ?”

ಅವತ್ತು ಸಂಜೆ ನನಗೆ ನಿಜವಾಗಿ ಹೆದರಿಕೆಯಾಯಿತು. ಅವಳು ತನ್ನ ಚಿಮಟ ತೋರಿಸಲು ಚಾಚಿದಾಗ ನನ್ನ ಕೈ ತಾನಾಗಿ ಹಿಂದೆ ಸರಿದಿತ್ತು. ಸಸ್ಯಶಾಸ್ತ್ರ ಮೂರು ವರ್ಷ ಓದಿದ ಕೈ ಅದು.

ರಾಣೆಬೆನ್ನೂರಿನ ರೂಮಿಗೆ ಬಂದು ಬುಕ್ಕು ಬಿಚ್ಚಿದೆ. ಕೊನೆಯ ಸಾಲಿನ ಉದುರು ಏಳು ದಿನ ಬರೆದಿದ್ದೆ. ಅದೇ ಏಳು ದಿನ ಮೂರನೆಯ ಸಾಲಿನಲ್ಲಿ ಎಷ್ಟು ಉದುರಿದ್ದವು? ಬರೆದಿರಲಿಲ್ಲ. ಆರನೆಯ ಸಾಲಿನಲ್ಲಿ? ಅದನ್ನೂ ಬರೆದಿರಲಿಲ್ಲ. ಹೊಲಕ್ಕೆ ಕಾಲಿಟ್ಟ ಮೊದಲ ದಿನ ಯಾರೋ ಕಿವಿಯಲ್ಲಿ ಕೈಗುಣದ ಮಾತು ಹಾಕಿದ್ದರು, ಅಂದಿನಿಂದ ನಾನು ನೇರವಾಗಿ ಆ ಸಾಲಿಗೇ ಹೋಗಿ ಬಗ್ಗಿ ನೋಡುತ್ತಿದ್ದೆ. ಮುಖಂಡತಿ ಸಾಕ್ಷಿ ಎಂದು ತೋರಿಸಿದ್ದು ನನ್ನದೇ ಕುರುಡನ್ನು.

ಇದು ಅಜ್ಞಾನ ಎಂದು ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಆ ಹೆಣ್ಣುಮಕ್ಕಳು ದಡ್ಡರಲ್ಲ. ಮೊಗ್ಗು ನೋಡಿ ನಾಳೆ ಎಷ್ಟು ಹೊತ್ತಿಗೆ ಅರಳುತ್ತದೆ ಎಂದು ಹೇಳುವವರು. ಎಷ್ಟೇ ಸರಿಯಾಗಿ ಕೆಲಸ ಮಾಡಿದರೂ ಹತ್ತರಲ್ಲಿ ಎರಡು ಮೂರು ಹೂವು ಉದುರುತ್ತವೆ, ಯಾಕೆ ಎಂದು ಕಣ್ಣಿಗೆ ಕಾಣುವುದಿಲ್ಲ. ಕಣ್ಣಿಗೆ ಕಾಣದ್ದನ್ನು ಹಾಗೇ ಬಿಟ್ಟು ಮಲಗುವುದು ಮನುಷ್ಯನ ಮನಸ್ಸಿಗೆ ಕಷ್ಟ. ಅದಕ್ಕೆ ಯಾರದಾದರೂ ಒಂದು ಕೈ ಬೇಕು. ಸಿಕ್ಕ ಮೇಲೆ ಆ ಕೈಯನ್ನೇ ನೋಡುತ್ತದೆ. ನನ್ನ ಮನಸ್ಸೂ ಅದನ್ನೇ ಮಾಡಿತ್ತು, ಬುಕ್ಕಿನಲ್ಲಿ ಗೆರೆ ಹಾಕಿಕೊಂಡು ಮಾಡಿತ್ತು ಅಷ್ಟೆ.

ಆದರೂ ಒಂದು ಉಳಿಯಿತು. ಐದನೆಯ ದಿನದ ಎಣಿಕೆ ಸುಳ್ಳಲ್ಲ. ಅವಳ ಹೂವು ಖರೇನೇ ಉದುರಿದ್ದವು.

ಮರುದಿನ ನಾನು ಸಾಲಿನೊಳಗೆ ಇಳಿಯಲಿಲ್ಲ. ಪರಾಗದ ಡಬ್ಬಿಯ ಹತ್ತಿರ ಕೂತೆ.

ಗಂಡು ಗಿಡದ ಹೂವಿನಿಂದ ಬಿಡಿಸಿದ ಕೇಸರಗಳನ್ನು ರಾತ್ರಿ ಬಲ್ಬಿನ ಕೆಳಗೆ ಒಣಗಿಸಿ, ಬೆಳಿಗ್ಗೆ ತೆಳು ಬಟ್ಟೆಯಲ್ಲಿ ಜರಡಿ ಹಿಡಿದು, ಹಿಟ್ಟಿನಂಥ ಪರಾಗವನ್ನು ಒಂದು ಸ್ಟೀಲ್ ಡಬ್ಬಿಗೆ ತುಂಬುತ್ತಿದ್ದರು. ಪ್ರತಿಯೊಬ್ಬಳ ಬೆರಳಿಗೂ ಒಂದು ಪ್ಲಾಸ್ಟಿಕ್ ಉಂಗುರ, ಉಂಗುರದ ಮೇಲೆ ಚಿಕ್ಕ ಬಟ್ಟಲು. ಡಬ್ಬಿಯಿಂದ ಆ ಬಟ್ಟಲು ತುಂಬಿಕೊಂಡು ಹೋಗಿ ಹೂವಿಗೆ ಮುಟ್ಟಿಸಬೇಕು, ತೀರಿದರೆ ಮತ್ತೆ ಬರಬೇಕು. ಇದನ್ನು ನಾನು ದಿನಾ ನೋಡುತ್ತಿದ್ದೆ. ಅವತ್ತು ಮೊದಲ ಸಲ ಕಂಡದ್ದು ಸರದಿ.

ಮುಖಂಡತಿ ಡಬ್ಬಿಗೆ ಕುಂಕುಮ ಹಚ್ಚಿ ಮೊದಲ ಕೈ ಹಾಕಿದಳು. ಆಮೇಲೆ ವಯಸ್ಸಿನ ಪ್ರಕಾರ ಉಳಿದವರು. ಕೊನೆಯ ಸಾಲಿನಾಕೆ ದೂರದಲ್ಲಿ ನಿಂತು ಕಾಯ್ದಳು. ಎಲ್ಲರದೂ ಮುಗಿದ ಮೇಲೂ ಅವಳು ಡಬ್ಬಿ ಮುಟ್ಟಲಿಲ್ಲ. ಮುಖಂಡತಿ ಒಂದು ಎಲೆಯಲ್ಲಿ ತಳದಿಂದ ಕೆರೆದು, ಮೇಲಿನಿಂದ ಅವಳ ಉಂಗುರಕ್ಕೆ ಉದುರಿಸಿದಳು. ಎರಡನೆಯ ಸಲವೂ ಹಾಗೆಯೇ, ಎಲ್ಲರ ನಂತರ, ಎಲೆಯಿಂದ. ಅಷ್ಟರಲ್ಲಿ ಹತ್ತೂವರೆ ದಾಟಿತ್ತು. ಡಬ್ಬಿ ಎಂಟು ಗಂಟೆಯಿಂದ ಬದುವಿನ ಕಲ್ಲಿನ ಮೇಲೆ, ಮುಚ್ಚಳ ತೆಗೆದು, ಬಿಸಿಲಲ್ಲೇ ಇತ್ತು. ಮುಟ್ಟಿ ನೋಡಿದೆ, ಬೆಚ್ಚಗಿತ್ತು. ತಳದಲ್ಲಿ ಉಳಿದದ್ದು ಪರಾಗಕ್ಕಿಂತ ಕೇಸರದ ಹೊಟ್ಟೇ ಹೆಚ್ಚು.

ಅವಳ ಕೈ ಕೆಟ್ಟದ್ದು ಎಂದು ಅವಳಿಗೆ ಕೆಟ್ಟ ಪರಾಗ ಕೊಡುತ್ತಿದ್ದರು. ಕೆಟ್ಟ ಪರಾಗದಿಂದ ಹೂವು ಉದುರುತ್ತಿದ್ದವು. ಹೂವು ಉದುರಿದ್ದಕ್ಕೆ ಅವಳ ಕೈ ಕೆಟ್ಟದ್ದು ಎಂದು ಗಟ್ಟಿಯಾಗುತ್ತಿತ್ತು. ನಾನು ಸಾಲು ಬದಲಿಸಿದ್ದೆ, ಸರದಿಯನ್ನು ಬದಲಿಸಿರಲಿಲ್ಲ.

ಮುಂದಿನ ದಿನ ಡಬ್ಬಿ ಬಿಚ್ಚಿದ ಕೂಡಲೇ ಒಂದು ಚಿಟಿಕೆ, ಹತ್ತೂವರೆಗೆ ತಳದಿಂದ ಒಂದು ಚಿಟಿಕೆ, ಎರಡು ಕಾಗದದ ಚೀಟಿಯಲ್ಲಿ ಕಟ್ಟಿಕೊಂಡೆ. ಕೆಲಸ ಮುಗಿದ ಮೇಲೆ ಕೊನೆಯ ಸಾಲಿನಾಕೆಯನ್ನು ನನ್ನ ಜೊತೆ ರಾಣೆಬೆನ್ನೂರಿಗೆ ಕರೆದೆ.

“ಎದಕ್ರಿ?”

“ಒಂದು ತೋರಸೂದೈತಿ.”

“ಡಾಕ್ಟರ್ ಕಡೆ ಅಲ್ಲಲ್ರಿ?”

ಕಂಪನಿಯ ಲ್ಯಾಬಿನಲ್ಲಿ ಪರಾಗಕ್ಕೆ ಬಣ್ಣದ ದ್ರಾವಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಜೀವ ಇರುವ ಕಣ ಬಣ್ಣ ಕುಡಿದು ಕೆಂಪಾಗುತ್ತದೆ. ಜೀವ ಹೋದದ್ದು ಸುಕ್ಕಾಗಿ ಬಿಳಚಿಕೊಂಡೇ ಇರುತ್ತದೆ. ಮೊದಲ ಚೀಟಿಯದು ಗಾಜಿನ ತುಂಬ ಕೆಂಪು. ಎರಡನೆಯದರಲ್ಲಿ ಅಲ್ಲೊಂದು ಇಲ್ಲೊಂದು. ಅವಳು ಒಂದು ಕಣ್ಣು ಮುಚ್ಚಲು ಬಾರದೆ ಕೈಯಿಂದ ಮುಚ್ಚಿಕೊಂಡು ನೋಡಿದಳು. ತುಂಬ ಹೊತ್ತು ನೋಡಿದಳು.

“ಈ ಸತ್ತದ್ದು ನನ್ನ ಕೈಯಾಗಿಂದೇನ್ರಿ?”

“ಅಲ್ಲವ್ವಾ. ಡಬ್ಬಿಯಾಗಿಂದು. ನೀ ಮುಟ್ಟೂಕಿಂತ ಮೊದಲ ನಾ ತಗೊಂಡಿದ್ದೆ.”

“ನಾ ಮುಟ್ಟೇ ಇಲ್ಲ?”

“ನೀ ಆ ಡಬ್ಬಿ ಎಂದರ ಮುಟ್ಟೀಯೇನು?”

ಅವಳು ಮತ್ತೆ ಬಗ್ಗಿ ನೋಡಿದಳು. ಎದ್ದಾಗ ಅವಳ ಮುಖದಲ್ಲಿ ಇದ್ದದ್ದು ಸಂತೋಷ ಅಲ್ಲ, ಸಿಟ್ಟು. ನನಗೆ ಅದೇ ಬೇಕಾಗಿತ್ತು.

ಮುಖಂಡತಿಗೂ ಯಜಮಾನರ ತಾಯಿ ಅಜ್ಜಿಗೂ ಸೂಕ್ಷ್ಮದರ್ಶಕದ ಕಥೆ ಹೇಳಿದೆ. “ಆ ಗಾಜು ನಿಮ್ಮ ಕಂಪನೀದು, ನೀವು ಹೇಳಿದಂಗ ಕಾಣಸ್ತದ” ಅಂದರು ಅಜ್ಜಿ. ಕೊನೆಯ ಸಾಲಿನಾಕೆಗೇ ಡಬ್ಬಿಯ ಮೊದಲ ಕೈ ಕೊಡೋಣ ಅಂದರೆ ಇಡೀ ತಂಡ ಚಿಮಟ ಕೆಳಗಿಟ್ಟಿತು. “ಆಕಿ ಕೈ ಮೊದಲ ಬಿದ್ರ ಹೊಲಾನ ಹೋಕ್ಕೈತಿ” ಎಂದು ಮುಖಂಡತಿ ಹಟ ಹಿಡಿದಳು. ಅರ್ಧ ದಿನ ಕೆಲಸ ನಿಂತಿತು. ನಿಂತ ಅರ್ಧ ದಿನಕ್ಕೆ ಅರಳಿದ ಹೂವೆಲ್ಲ ಹಾಳು. ಮ್ಯಾನೇಜರಿಗೆ ಗೊತ್ತಾಗಿದ್ದರೆ ನಾನೇ ಮೊದಲು ಮನೆಗೆ ಹೋಗುತ್ತಿದ್ದೆ.

ಅವತ್ತು ನಾನು ವಾದ ಬಿಟ್ಟೆ. ಅವರ ನಂಬಿಕೆಯನ್ನು ಕೀಳಲು ಹೋಗಬಾರದು, ಅದರ ಒಳಗಿನಿಂದಲೇ ದಾರಿ ಮಾಡಬೇಕು ಎಂದು ನಿರ್ಧರಿಸಿದೆ. ರಾಣೆಬೆನ್ನೂರಿನ ಒಬ್ಬ ಹೋಮಿಯೋಪತಿ ಡಾಕ್ಟರ ಹತ್ತಿರ ಗುಳಿಗೆಯ ಖಾಲಿ ಸೀಸೆ ಹತ್ತು ಬೇಡಿ ತಂದೆ, ತೊಳೆದು ಒಣಗಿಸಿದೆ.

“ನೋಡ್ರಿ, ಇನ್ನ ಮ್ಯಾಲೆ ಒಬ್ಬೊಬ್ಬರಿಗೆ ಒಂದೊಂದು ಸೀಸೆ. ಒಬ್ಬರ ಕೈ ಇನ್ನೊಬ್ಬರ ಪರಾಗಕ್ಕ ತಾಗೂದಿಲ್ಲ. ಆಕಿ ದೋಷ ಆಕಿ ಸೀಸೇದಾಗ ಇರ್ತದ.”

ಮುಖಂಡತಿ ಯೋಚಿಸಿದಳು. “ಇದು ಆಗಬಹುದು” ಅಂದಳು.

ಎಂಟು ಗಂಟೆಗೆ ಎಲ್ಲ ಸೀಸೆಗೂ ಸಮನಾಗಿ ಪರಾಗ ತುಂಬಿ, ಬೇವಿನ ನೆರಳಿನಲ್ಲಿ ಇಟ್ಟೆವು. ಜೊತೆಗೆ ಪರೀಕ್ಷೆ ಹೀಗೆ ಗೊತ್ತು ಮಾಡಿದೆ. ಬ್ಯಾಡಗಿ ಪೇಟೆಯಿಂದ ಹತ್ತು ಬಣ್ಣದ ಉಲನ್ ದಾರ ತಂದಿದ್ದೆ. ಚೀಟಿ ಎತ್ತಿ ಒಬ್ಬೊಬ್ಬಳಿಗೆ ಒಂದು ಬಣ್ಣ. ಒಂಬತ್ತು ಮಂದಿ ಅವರು, ಹತ್ತನೆಯವಳು ನಾನು. ಹತ್ತು ಸಾಲಿನಲ್ಲೂ ಪ್ರತಿಯೊಬ್ಬಳೂ ನಾಲ್ಕು ನಾಲ್ಕು ಹೂವು ಕ್ರಾಸ್ ಮಾಡಿ, ತೊಟ್ಟಿಗೆ ತನ್ನ ದಾರ ಕಟ್ಟಬೇಕು. ಒಳ್ಳೆಯ ಸಾಲು ಕೆಟ್ಟ ಸಾಲು ಎಲ್ಲರಿಗೂ ಸಮ. ಆ ಬೆಳಿಗ್ಗೆ ಯಜಮಾನರೂ ಅಜ್ಜಿಯೂ ಹೊಲಕ್ಕೆ ಬರಬಾರದು. ಯಾವ ಬಣ್ಣ ಯಾರದು ಎಂದು ಅವರಿಗೆ ಯಾರೂ ಹೇಳಬಾರದು. ಹತ್ತು ದಿನ ಬಿಟ್ಟು ಅವರೇ ಬಂದು ಎಣಿಸಬೇಕು.

“ನಾ ಹೇಳೂದಿಲ್ಲಂತ ಆಣಿ ಮಾಡ್ಲೇನ್ರಿ?” ಎಂದು ಮುಖಂಡತಿ ಕೇಳಿದಳು. ತನ್ನ ಕೈ ಗೆಲ್ಲುತ್ತದೆ ಎಂಬ ಖಾತ್ರಿ ಅವಳಿಗಿತ್ತು.

ಕೊನೆಯ ಸಾಲಿನಾಕೆ ಚೀಟಿ ಎತ್ತಲು ಬಂದಾಗ ನನಗಷ್ಟೇ ಕೇಳುವ ಹಾಗೆ, “ಈ ಸಲಾನೂ ಉದುರಿದ್ರ?” ಅಂದಳು.

“ಉದುರಿದ್ರ ನಾನೂ ನಂಬ್ತೀನಿ” ಅಂದೆ. ಸುಳ್ಳು ಹೇಳಲಿಲ್ಲ.

ಆ ಹತ್ತು ದಿನ ನಾನು ದಾರ ಕಟ್ಟಿದ ಹೂವಿನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದರೆ ಮತ್ತೆ ಒಂದೇ ಬಣ್ಣವನ್ನು ನೋಡುತ್ತೇನೆ ಎನ್ನುವ ಭಯ. ಬುಕ್ಕಿನಲ್ಲಿ ಎಲ್ಲ ಸಾಲಿನ ಲೆಕ್ಕವನ್ನೂ ಬರೆಯಲು ಶುರು ಮಾಡಿದ್ದೆ. ಊಟಕ್ಕೆ ಕೂತಾಗ ಹೆಣ್ಣುಮಕ್ಕಳು ಬಣ್ಣದ ಹೆಸರಿನಿಂದಲೇ ಒಬ್ಬರನ್ನೊಬ್ಬರು ಕರೆಯತೊಡಗಿದ್ದರು. “ಏ ಗುಲಾಬಿ, ಚಟ್ನಿ ಈ ಕಡೆ ತಳ್ಳ.” ಯಜಮಾನರ ಸುಳಿವು ಕಂಡರೆ ಎಲ್ಲರೂ ಗಪ್ ಚಿಪ್.

ಹತ್ತನೆಯ ದಿನ ಯಜಮಾನರು ಟೋಪಿಯ ಮೇಲೆ ಟವೆಲ್ಲು ಸುತ್ತಿಕೊಂಡು ಸಾಲಿಗೆ ಇಳಿದರು. ಅಜ್ಜಿ ಬದುವಿನ ಮೇಲೆ ಕೂತರು, ನಾವು ಹತ್ತು ಮಂದಿ ಅವರ ಹಿಂದೆ ನಿಂತೆವು. ಯಜಮಾನರು ಪ್ರತಿ ದಾರದ ಹತ್ತಿರ ಬಗ್ಗಿ, ಕಾಯಿ ಕಟ್ಟಿದ್ದರೆ ಆ ಬಣ್ಣದ ಹೆಸರು ಕೂಗಿದರು. ನಾನು ಗೆರೆ ಹಾಕಿದೆ. ಎಲ್ಲ ಸಾಲು ಮುಗಿಯಲು ಒಂದು ತಾಸಿನ ಮೇಲೆ ಹಿಡಿಯಿತು.

ಎಲ್ಲಕ್ಕಿಂತ ಮುಂದೆ ಕೇಸರಿ, ಮೂವತ್ತೈದು. ಅದರ ಹಿಂದೆ ಗುಲಾಬಿ, ಮೂವತ್ತನಾಲ್ಕು. ಹಸಿರು ಮೂವತ್ತಮೂರು. ಹೀಗೆ ಸ್ವಲ್ಪ ಸ್ವಲ್ಪ ಇಳಿಯುತ್ತ ಎಲ್ಲ ಬಣ್ಣಗಳೂ ಹತ್ತಿರ ಹತ್ತಿರ. ನೀಲಿ ಒಂದು ಮಾತ್ರ ದೂರ ಬಿದ್ದಿತ್ತು, ನಲವತ್ತರಲ್ಲಿ ಹತ್ತೊಂಬತ್ತು.

ಅಜ್ಜಿ ಕೋಲು ಊರಿ ಎದ್ದರು. “ಇನ್ನೇನು ಕೇಳೂದೈತಿ? ನೀಲಿ ಆಕೀದು. ದೇವರು ಬಣ್ಣ ಹಚ್ಚಿ ತೋರಿಸ್ಯಾನ.”

“ಹೌದವ್ವ, ಇದರಾಗ ಸಂಶಯಾನ ಇಲ್ಲ” ಅಂದರು ಯಜಮಾನರು. “ನೀಲಿ ಯಾರು, ಮುಂದ ಬರ್ರಿ.”

ನಾನು ಮುಂದೆ ಬಂದೆ.

ಮುಖಂಡತಿ ಬಾಯಿಗೆ ಸೆರಗು ಒತ್ತಿಕೊಂಡು ಕೂತುಬಿಟ್ಟಳು. ಅವಳ ನಗು ಹಿಡಿದು ಎಲ್ಲರೂ ನಕ್ಕರು. “ಮೇಡಂರ, ನಾಳಿಂದ ನೀವು ಹೊಲದಾಗ ಕಾಲಿಡಬ್ಯಾಡ್ರಿ. ನಿಮ್ಮ ಕೈಗುಣ ಸರಿ ಇಲ್ಲ” ಅಂದಳು ಮುಖಂಡತಿ.

“ಕೈಗುಣ ಅಲ್ಲ, ರೂಢಿ ಇಲ್ಲ” ಅಂದೆ. “ಏಳೆಂಟು ಹೂವಿನ ತುದಿ ಚಿಮಟದಾಗ ಮುರದಬಿಟ್ಟೆ. ಮುಗಸೂದ್ರಾಗ ಹನ್ನೊಂದು ಗಂಟೆ ದಾಟಿತ್ತು, ಗಡಿಬಿಡಿ ಮಾಡಿದೆ.”

“ಹಂಗಾದ್ರ ಆಕೀದು ಯಾವುದು?” ಎಂದು ಅಜ್ಜಿ ಕೇಳಿದರು.

ಕೊನೆಯ ಸಾಲಿನಾಕೆ ತಾನೇ ಹೇಳಿದಳು. “ಹಸಿರು, ಯವ್ವಾ. ಮೂವತ್ತಮೂರು.”

ಮೂರನೆಯ ಸ್ಥಾನ. ಮುಖಂಡತಿಯದು ಕೆನೆ ಬಣ್ಣ, ಐದನೆಯದು. ಅಜ್ಜಿ ನಂಬಲಿಲ್ಲ. ಮಗನ ಕೈ ಹಿಡಿದು ತಾವೇ ಸಾಲಿಗೆ ಇಳಿದರು, ಹಸಿರು ದಾರಗಳನ್ನು ಹುಡುಕಿ ಹುಡುಕಿ, ಕಾಯಿಯನ್ನು ಬೆರಳಲ್ಲಿ ಮುಟ್ಟಿ ಎಣಿಸಿದರು. ನಾವು ಕಾಯ್ದೆವು. ಹೊರಗೆ ಬಂದು ಅವಳ ಬಲಗೈ ಹಿಡಿದು ಅಂಗೈ ತಿರುಗಿಸಿ ನೋಡಿದರು.

“ಎಲ್ಲಾರ ಕೈಯಂಗ ಐತಿ” ಅಂದರು. ಮಗನ ಕಡೆ ತಿರುಗಿ, “ಆ ಡಬ್ಬಿ ಬಿಸಲಾಗ ಇಡು ಅಂತ ಯಾರು ಹೇಳಿದ್ದರು?” ಎಂದು ಗದರಿದರು. ಸೋಲು ಒಪ್ಪಿಕೊಳ್ಳುವ ರೀತಿ ಅವರದು ಅದು.

ಕೈಗುಣ ಅವತ್ತೇ ಆ ಊರು ಬಿಟ್ಟು ಹೋಯಿತು ಎಂದು ಹೇಳಲಾರೆ. “ಹುಣ್ಣಿಮಿ ಆದಮ್ಯಾಲೆ ಆಕಿ ಕೈ ತಿರಗೇದ” ಎಂದು ಒಬ್ಬಿಬ್ಬರು ಹೇಳುತ್ತಿದ್ದರು. ಹೇಳಲಿ. ಸಂಕ್ರಮಣಕ್ಕೆ ಎಳ್ಳು-ಬೆಲ್ಲ ಕೊಡಲು ಆಫೀಸಿಗೆ ಹೋದಾಗ ಮ್ಯಾನೇಜರ ಮೇಜಿನ ಮೇಲೆ ಒಂದು ಹಾಳೆ ಇಟ್ಟೆ. ಯಾರನ್ನೂ ಬಿಡಿಸಿಲ್ಲ, ಪರಾಗವನ್ನು ನೆರಳಿನಲ್ಲಿ ಸೀಸೆಯಲ್ಲಿ ಇಡುವುದು, ಎಲ್ಲ ಪ್ಲಾಟಿಗೂ ಇದೇ ಕ್ರಮ ಆಗಬೇಕು. ಕೆಳಗೆ ನನ್ನ ಸಹಿ, ಸಹಿಯ ಕೆಳಗೆ ಬಿ.ಎಸ್ಸಿ. ಅವರು ಓದಿ, “ಬಿ.ಎಸ್ಸಿ. ಅಂತ ಬರೀಲಿಲ್ಲಂದ್ರೂ ನಡೀತಿತ್ತಲ್ಲ” ಅಂದರು. ನಡೆಯುತ್ತಿರಲಿಲ್ಲ ಸರ್, ಅಂದೆ. ಮುಂದಿನ ಹಂಗಾಮಿಗೆ ಎಲ್ಲ ಪ್ಲಾಟಿಗೂ ಸೀಸೆ ಹೋದವು.

ಎರಡು ಚಳಿಗಾಲ ಕಳೆದ ಮೇಲೆ ಬ್ಯಾಡಗಿ ಕಡೆಯ ಒಂದು ಹೊಸ ಪ್ಲಾಟಿಗೆ ಹೋಗಿದ್ದೆ. ಅಲ್ಲಿ ಹದಿನಾಲ್ಕು ಮಂದಿಯ ತಂಡಕ್ಕೆ ಮುಖಂಡತಿ ನಮ್ಮ ಕೊನೆಯ ಸಾಲಿನಾಕೆಯೇ. ನನ್ನನ್ನು ಕಂಡು ನಕ್ಕಳು, ಕೆಲಸ ಬಿಟ್ಟು ಬರಲಿಲ್ಲ. ನಾನು ಬದುವಿನ ಮೇಲೆ ನಿಂತಿರುವಾಗಲೇ ಇಬ್ಬರು ಹೆಣ್ಣುಮಕ್ಕಳು ಅವಳ ಹತ್ತಿರ ಬಂದರು. ಹೊಸದಾಗಿ ಸೇರಿದ ಒಬ್ಬ ಹೆಂಗಸಿನ ಕಡೆ ಕಣ್ಣು ಹಾಯಿಸಿ, ಆಕೆಯ ಹೂವು ನಿಲ್ಲುತ್ತಿಲ್ಲ, ಕೈ ಸರಿ ಇಲ್ಲ ಅನ್ನಿಸುತ್ತದೆ ಎಂದು ಶುರು ಮಾಡಿದರು.

ಅವಳು ಹೂವಿನಿಂದ ಕಣ್ಣು ಎತ್ತಲಿಲ್ಲ.

“ಆಕೀವು ಎಷ್ಟು ಉದುರ್ಯಾವ?”

“ಭಾಳ ಉದುರ್ಯಾವಕ್ಕ.”

“ಭಾಳ ಅಂದ್ರ ಎಷ್ಟು? ನಿನ್ನವು ಎಷ್ಟು ಉದುರ್ಯಾವ?”

ಒಬ್ಬಾಕೆ ತನ್ನ ಸಾಲಿನ ಕಡೆ ತಿರುಗಿ ನೋಡಿದಳು.

“ಹೋಗ್ರಿ, ಇಬ್ಬರವೂ ಎಣಿಸಿಕೊಂಡು ಬರ್ರಿ. ಮೊದಲ ನಿಮ್ಮವು.”